ಓದುವ ಮಕ್ಕಳ ಕಿವಿಗೆ ಬೇಕಾದದ್ದು

ಮಾರ್ಚ್ ತಿಂಗಳು ಸಮೀಪಿಸಿದಂತೆ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿರುವ ಮನೆಗಳ ರೀತಿನೀತಿಯೇ ಬದಲಾಗುತ್ತದೆ. ಟಿ.ವಿ. ಮೌನ ತಾಳುತ್ತದೆ; ನೆಂಟರಿಷ್ಟರ ಆಗಮನ ಮುಂದಕ್ಕೆ ಹೋಗುತ್ತದೆ. ಆದರೂ ಒಂದು ದೂರು ಮಾತ್ರ ತಪ್ಪುವುದಿಲ್ಲ: ಕಿವಿಗೆ ಹಾಡು ಸಿಕ್ಕಿಸಿಕೊಂಡು ಓದಿದರೆ ತಲೆಗೆ ಹತ್ತುವುದುಂಟೇ? ನಮ್ಮ ಬಡಾವಣೆಯ ಗೃಹಸ್ಥರೊಬ್ಬರು ಕಳೆದ ವರ್ಷ ಇದೇ ದೂರಿನೊಂದಿಗೆ ಮಗನನ್ನು ನನ್ನ ಬಳಿ ಕರೆತಂದರು. ನಿವೃತ್ತ ಅಧಿಕಾರಿಗಳ ಬಳಿ ಬುದ್ಧಿಮಾತು ಧಾರಾಳವಾಗಿ ದೊರೆಯುತ್ತದೆಂಬುದು ಜನರ ನಂಬಿಕೆ. ನಾನು ಆರಂಭಿಸುವ ಮುನ್ನವೇ ಹುಡುಗ ಹೇಳಿದ: 'ಹಾಡು ಕೇಳ್ಬೇಕು ಅಂತಲ್ಲ ಅಂಕಲ್, ಹೊರಗಡೆ ಸದ್ದು ಕೇಳಿಸಬಾರದು ಅಂತ.' ಅವರ ಮನೆಯ ಹಿಂದೆ ಕಲ್ಯಾಣ ಮಂಟಪ, ಮುಂದೆ ಹೊಸ ಕಟ್ಟಡದ ಕಾಮಗಾರಿ. ನನ್ನ ಬುದ್ಧಿಮಾತು ಅಲ್ಲಿಗೇ ನಿಂತಿತು.

ಓದುವಾಗ ಯಾವ ಸಂಗೀತ ಒಳ್ಳೆಯದು ಎಂಬ ಪ್ರಶ್ನೆಗೆ ವಿಜ್ಞಾನವೂ ಒಮ್ಮೆ ಅವಸರದ ಉತ್ತರಕ್ಕೆ ಕಾರಣವಾಯಿತು. 1993ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟನ ಪಿಯಾನೊ ಕೃತಿಯೊಂದನ್ನು ಕೇಳಿಸಿ, ಅನಂತರ ಆಕೃತಿಗಳನ್ನು ಊಹಿಸುವ ಪರೀಕ್ಷೆಯೊಡ್ಡಿ, ಅಂಕಗಳು ಏರಿದವೆಂದು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಆ ಪ್ರಭಾವ ಹತ್ತು ಹದಿನೈದು ನಿಮಿಷಗಳಿಗಿಂತ ಹೆಚ್ಚು ಉಳಿಯಲಿಲ್ಲವೆಂದು ಅವರೇ ಹೇಳಿದ್ದರು. ಅವರು ಸಂಗೀತ ಕೇಳಿಸಿದ್ದು ಕೆಲಸಕ್ಕೆ ಮುಂಚೆ, ಕೆಲಸದ ಜೊತೆಗಲ್ಲ. ಆದರೆ ಇಷ್ಟೆಲ್ಲ ವಿವೇಚನೆಗೆ ಯಾರಿಗೆ ವ್ಯವಧಾನ? ಮೊಜಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆಂಬ ವದಂತಿ ಜಗತ್ತನ್ನು ಸುತ್ತಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ನವಜಾತ ಶಿಶುಗಳಿಗೆಲ್ಲ ಸಂಗೀತದ ಮುದ್ರಿಕೆ ಹಂಚಲು ಆಯವ್ಯಯದಲ್ಲಿ 1,05,000 ಡಾಲರ್ ಕೇಳಿದರು. ಮುಂದಿನ ವರ್ಷವೇ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ವಿದ್ವಾಂಸರು ಗಣನೀಯ ಲಾಭವೇನೂ ಕಾಣುವುದಿಲ್ಲವೆಂದರು.

ಇದಕ್ಕಿಂತ ಗಟ್ಟಿಯಾದ ತಿಳಿವಳಿಕೆಯೊಂದಿದೆ. ನಾವು ಓದಿದ್ದನ್ನು ಕ್ಷಣಕಾಲ ಮನಸ್ಸಿನೊಳಗೆ ಉಚ್ಚರಿಸಿಕೊಂಡು ಹಿಡಿದಿಡುತ್ತೇವೆ. ಹೊರಗಿನಿಂದ ಬರುವ ಮಾತು ಅದೇ ಜಾಗಕ್ಕೆ ನುಗ್ಗುತ್ತದೆ. 1976ರ ಒಂದು ಪ್ರಯೋಗದಲ್ಲಿ, ಕೇಳುಗರಿಗೆ ತಿಳಿಯದ ಭಾಷೆಯ ಮಾತು ಕೂಡ ಅವರ ನೆನಪನ್ನು ಕೆಡಿಸಿತು. 1989ರಲ್ಲಿ ಇಬ್ಬರು ಮನೋವಿಜ್ಞಾನಿಗಳು ವಾದ್ಯಸಂಗೀತಕ್ಕಿಂತ ಹಾಡುಗಾರಿಕೆಯೇ ಹೆಚ್ಚು ಅಡ್ಡಿ ಮಾಡುತ್ತದೆಂದು ತೋರಿಸಿದರು. 2011ರ ಅಧ್ಯಯನವೊಂದರಲ್ಲಿ ಪಟ್ಟಿಯನ್ನು ಅನುಕ್ರಮವಾಗಿ ನೆನಪಿಡುವ ಕೆಲಸಕ್ಕೆ ಇಷ್ಟದ ಹಾಡೂ ಇಷ್ಟವಿಲ್ಲದ ಹಾಡೂ ಸಮನಾಗಿ ತೊಡಕಾದವು, ನಿಶ್ಶಬ್ದವೇ ಮೇಲಾಯಿತು.

ಆದ್ದರಿಂದ ಮಕ್ಕಳಿಗೆ ಹೇಳಬಹುದಾದದ್ದು ಇಷ್ಟು. ಇತಿಹಾಸದ ಇಸವಿ, ವಿಜ್ಞಾನದ ವ್ಯಾಖ್ಯೆ, ಕಂಠಪಾಠದ ಪದ್ಯ ಇವುಗಳಿಗೆ ಮೌನವೇ ಸರಿ. ನಕ್ಷೆ ಬಿಡಿಸುವಾಗಲೋ ಟಿಪ್ಪಣಿ ನಕಲು ಮಾಡುವಾಗಲೋ ಮೆಲುದನಿಯ ವಾದ್ಯಸಂಗೀತವಿದ್ದರೆ ಹಾನಿಯಿಲ್ಲ. ಆದರೆ ನಮ್ಮ ಕರ್ನಾಟಕ ಸಂಗೀತದಲ್ಲಿ ಒಂದು ಸೂಕ್ಷ್ಮವಿದೆ. ವೀಣೆ, ಪಿಟೀಲುಗಳಲ್ಲಿ ನುಡಿಸುವುದು ಬಹುಮಟ್ಟಿಗೆ ಹಾಡಲೆಂದೇ ರಚಿತವಾದ ಕೃತಿಗಳನ್ನು. ಪಾಠಾಂತರವಾದವರಿಗೆ ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲೂ ಚೌಡಯ್ಯನವರ ಏಳು ತಂತಿಯ ಪಿಟೀಲಿನಲ್ಲೂ ಸಾಹಿತ್ಯ ಕೇಳಿಸುತ್ತಲೇ ಇರುತ್ತದೆ. ಸಂಗೀತ ಕಲಿತ ಮಗುವಿಗೆ ಅದು ಮಾತಿಲ್ಲದ ಸಂಗೀತವಲ್ಲ. ಇನ್ನು, ಪರೀಕ್ಷಾ ಕೊಠಡಿಯಲ್ಲಿ ಯಾವ ಹಾಡೂ ಜೊತೆಗಿರುವುದಿಲ್ಲವಾದ್ದರಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನಾದರೂ ಮೂರು ಗಂಟೆ ಮೌನದಲ್ಲೇ ಬಿಡಿಸಿ ಅಭ್ಯಾಸ ಮಾಡುವುದು ಲೇಸು. ಮೆಚ್ಚಿನ ಹಾಡನ್ನು ವಿರಾಮದಲ್ಲಿ ಮನಸಾರೆ ಕೇಳಲಿ. ಸಂಗೀತಕ್ಕೆ ಸಲ್ಲಬೇಕಾದ ಗೌರವವೂ ಅದೇ.

ಆದರೆ ಮೌನವೇ ಉತ್ತಮವೆಂದು ಹೇಳುವ ನಾವು ಅದನ್ನು ಒದಗಿಸಿದ್ದೇವೆಯೇ? ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚವೆಂಬ ಪರಿಕಲ್ಪನೆಯಿದೆ. 1920ರಲ್ಲಿ ಪಿಗೂ ತಮ್ಮ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ಚರ್ಚಿಸಿದರು. ಒಬ್ಬನ ಚಟುವಟಿಕೆಯ ನಷ್ಟವನ್ನು ಅದರಲ್ಲಿ ಪಾಲಿಲ್ಲದ ಮತ್ತೊಬ್ಬ ಭರಿಸುವುದೇ ಅದರ ಸಾರ. ಧ್ವನಿವರ್ಧಕಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋಚುವುದಿಲ್ಲ. ಬಾಡಿಗೆ ಕೊಡುವವನು ಸಂಘಟಕ. ಬೆಲೆ ತೆರುವುದು ಪಕ್ಕದ ಮನೆಯ ಮಗು. ಉಳ್ಳವರ ಮಕ್ಕಳು ಕಿಟಕಿ ಮುಚ್ಚಿ ಪ್ರತ್ಯೇಕ ಕೋಣೆ ಸೇರಬಲ್ಲರು. ಒಂದೇ ಕೋಣೆಯ ಮನೆಯ ಮಗುವಿಗೆ ಅಗ್ಗದ ಇಯರ್‌ಫೋನ್ ಒಂದೇ ಗತಿ. ಹೊರಗಿನ ಸದ್ದನ್ನು ಮೀರಿಸಲು ಅದು ದನಿ ಏರಿಸುತ್ತದೆ, ಕಿವಿಯನ್ನೂ ಪಣಕ್ಕಿಡುತ್ತದೆ.

ಕಾನೂನಿಗೆ ಕೊರತೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ದೃಢವಾಗಿ ಎತ್ತಿಹಿಡಿದಿದೆ. ಕೊರತೆಯಿರುವುದು ಕುರ್ಚಿಯಲ್ಲಿ ಕುಳಿತವರ ಮನಸ್ಸಿನಲ್ಲಿ. ಇದನ್ನು ಅನ್ಯರ ಮೇಲೆ ಹೊರಿಸಿ ಹೇಳುತ್ತಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ವಿದ್ಯಾರ್ಥಿನಿಲಯವೊಂದರ ಹುಡುಗಿಯರು ನೋಟ್‌ಬುಕ್ಕಿನ ಹಾಳೆಯಲ್ಲಿ ಅರ್ಜಿ ಬರೆದು ಕಳುಹಿಸಿದ್ದರು. ಉತ್ಸವದ ಧ್ವನಿವರ್ಧಕವೊಂದು ತಮ್ಮ ಕಿಟಕಿಗೆ ಎದುರಾಗಿದೆ. ಪರೀಕ್ಷೆ ಮುಗಿಯುವವರೆಗೆ ಅದರ ಮುಖವನ್ನು ಬೇರೆಡೆಗೆ ತಿರುಗಿಸಿಕೊಟ್ಟರೆ ಸಾಕು ಎಂಬುದಷ್ಟೇ ಅವರ ಬೇಡಿಕೆ. ನಿಲ್ಲಿಸಿ ಎಂದೂ ಅವರು ಕೇಳಿರಲಿಲ್ಲ. ನಾನು ಅಂಚಿನಲ್ಲಿ 'ಸೂಕ್ತ ಕ್ರಮಕ್ಕಾಗಿ ರವಾನಿಸಿದೆ' ಎಂದು ಬರೆದು ಸಹಿ ಹಾಕಿ ಪೊಲೀಸರಿಗೆ ಕಳುಹಿಸಿದೆ. 'ಪರಿಶೀಲಿಸಲಾಗಿದೆ' ಎಂಬ ಉತ್ತರ ಬಂದಾಗ ಪರೀಕ್ಷೆಗಳು ಮುಗಿದು, ಹುಡುಗಿಯರು ಊರುಗಳಿಗೆ ಮರಳಿದ್ದರು. ಒಂದು ದೂರವಾಣಿ ಕರೆ ಮಾಡಿದ್ದರೆ ಆಗುತ್ತಿದ್ದ ಕೆಲಸವದು. ಉತ್ಸವದವರನ್ನು ಕೆಣಕುವುದೇಕೆಂದು ಅಳುಕಿದೆನೆಂಬುದೇ ಸತ್ಯ. ಕಡತ ನಿಯಮಬದ್ಧವಾಗಿತ್ತು, ಕರ್ತವ್ಯ ಮಾತ್ರ ಆಗಿರಲಿಲ್ಲ.

ಇದು ಭಕ್ತಿಗಾಗಲೀ ಸಂಭ್ರಮಕ್ಕಾಗಲೀ ವಿರೋಧವಲ್ಲ. ಧ್ವನಿವರ್ಧಕ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನಿಂದಲೂ ತೇರುಗಳು ಎಳೆಯಲ್ಪಟ್ಟಿವೆ. ಪರೀಕ್ಷೆಗಳು ನಡೆಯುವಷ್ಟು ದಿನಗಳ ಮಟ್ಟಿಗಾದರೂ ಮಂದಿರ, ಮಸೀದಿ, ಕಲ್ಯಾಣ ಮಂಟಪ, ರಾಜಕೀಯ ಸಭೆ ಎಂಬ ಭೇದವಿಲ್ಲದೆ ಸಂಜೆ ಏಳರ ನಂತರ ಧ್ವನಿವರ್ಧಕಕ್ಕೆ ಅನುಮತಿ ನೀಡಬಾರದು. ದೂರು ಬಂದ ರಾತ್ರಿಯೇ ಸ್ಥಳಕ್ಕೆ ಹೋಗುವ ಹೊಣೆಯನ್ನು ಪ್ರತಿ ಠಾಣೆಯಲ್ಲೂ ಒಬ್ಬ ಅಧಿಕಾರಿಗೆ ವಹಿಸಬೇಕು. ಆಸ್ತಿ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ತೆರುತ್ತೇವೆ. ನಗರದ ಶಾಖಾ ಗ್ರಂಥಾಲಯಗಳನ್ನೂ ಹಳ್ಳಿಗಳ ಅರಿವು ಕೇಂದ್ರಗಳನ್ನೂ ಈ ದಿನಗಳಲ್ಲಿ ರಾತ್ರಿ ಒಂಬತ್ತರವರೆಗೆ ತೆರೆದಿಟ್ಟರೆ ಒಂದೇ ಕೋಣೆಯ ಮನೆಯ ಮಗುವಿಗೂ ಕುಳಿತು ಓದಲು ಒಂದು ಶಾಂತ ಮೂಲೆ ಸಿಕ್ಕೀತು.

ಮಗುವಿನ ಕಿವಿಯಿಂದ ಹಾಡನ್ನು ಕಿತ್ತುಕೊಳ್ಳುವ ಮುನ್ನ ಒಮ್ಮೆ ಮನೆಯ ಕಿಟಕಿ ತೆರೆದು ನಾವೇ ಕಿವಿಗೊಡೋಣ. ಹೊರಗೆ ನಿಶ್ಶಬ್ದವಿದ್ದರೆ ಮಾತ್ರ ಬೈಯುವ ಹಕ್ಕು ನಮಗಿದೆ.