ಮನೆ ಮಾರುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಹಿರಿಯರು ಹೇಳಿದರು. 'ಮನೆ ಮಾರಿ ನೋಡು' ಅನ್ನುವುದನ್ನು ಯಾಕೋ ಬಿಟ್ಟುಬಿಟ್ಟರು. ಅದರ ಫಜೀತಿಯೂ ಏನು ಕಡಿಮೆಯಲ್ಲ ಎಂದು ನನಗೆ ತಿಳಿದದ್ದು, ಬೆಂಗಳೂರಿನ ಹಲಸೂರಿನಲ್ಲಿದ್ದ ನಮ್ಮ ಚಿಕ್ಕಮ್ಮ ಮನೆ ಮಾರಲು ಹೊರಟಾಗ.

ಚಿಕ್ಕಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಮಗನ ಸಂಸಾರ ಕೆ.ಆರ್. ಪುರಂನಲ್ಲಿ, ಮಗಳದು ಹಾಸನದಲ್ಲಿ. ಸೋಮೇಶ್ವರ ದೇವಸ್ಥಾನದ ಹತ್ತಿರದ ಆ ಹಳೆಯ ಮನೆಯಲ್ಲಿ ಮಂಡಿನೋವಿನ ಚಿಕ್ಕಮ್ಮ ಒಬ್ಬರೇ. "ಇನ್ನು ಸಾಕು ಕಣೇ, ಮಗನ ಹತ್ತಿರ ಹೋಗಿಬಿಡ್ತೀನಿ" ಅಂದರು. ಆದರೆ ಮನೆ ನೋಡಲು ಬಂದ ಇಬ್ಬರೂ ಐದು ನಿಮಿಷ ನಿಲ್ಲದೆ "ಹೇಳಿ ಕಳಿಸ್ತೀವಿ" ಎಂದು ಹೋದವರು ಮತ್ತೆ ಪತ್ತೆಯಿಲ್ಲ. ಆಗ ನನ್ನನ್ನು ಕರೆಸಿಕೊಂಡರು.

ಮೊದಲು ನಾವಿಬ್ಬರೂ ಗೇಟಿನ ಹೊರಗೆ ಹೋಗಿ ನಿಂತೆವು. ನೀವೂ ಹಾಗೇ ಮಾಡಿ. ಹೊಸಬರ ಕಣ್ಣಿನಿಂದ ನಿಮ್ಮ ಮನೆಯನ್ನು ನೀವೇ ನೋಡಿ. ನಮಗೆ ಕಂಡದ್ದೇನು? ಮುರಿದ ಸೈಕಲ್ಲು, ಹಳೇ ಪೇಪರಿನ ಕಟ್ಟುಗಳು, ಐದಾರು ವರ್ಷದ ಕ್ಯಾಲೆಂಡರುಗಳು, 'ಎಂದಾದರೂ ಬೇಕಾಗುತ್ತೆ' ಅಂತ ಇಟ್ಟ ಖಾಲಿ ಡಬ್ಬಗಳು. ಕೊಳ್ಳುವವರಿಗೆ ಬೇಕಾದದ್ದು ಜಾಗ. ತಮ್ಮ ಮಂಚ ಎಲ್ಲಿ ಹಾಕಬಹುದು, ದೇವರ ಮೂಲೆ ಯಾವುದು ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಸಾಮಾನು ತುಂಬಿದ್ದರೆ ದೊಡ್ಡ ಕೋಣೆಯೂ ಗೂಡಿನಂತೆ ಕಾಣುತ್ತದೆ. ಎರಡು ದಿನದಲ್ಲಿ ಅರ್ಧ ಸಾಮಾನು ಗುಜರಿಗೆ ಹೋಯಿತು. ತಾಮ್ರದ ಹಂಡೆ ಮಾತ್ರ ಹಾಸನಕ್ಕೆ!

ಎರಡನೆಯದು ವಾಸನೆ. ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ, ನೋಡಿ. ಬಳಸದ ಬಚ್ಚಲಿದ್ದರೆ ಅದರ ಮೋರಿಯ ಬಾಯಿಗೆ ದಿನಕ್ಕೊಂದು ಚೊಂಬು ನೀರು ಹಾಕಿ. ಒಳಗೆ ನಿಲ್ಲಬೇಕಾದ ನೀರು ಆರಿಹೋದರೆ ಚರಂಡಿಯ ನಾತ ನೇರ ಮನೆಯೊಳಗೆ ಬರುತ್ತದೆ. ಬೆಳಗಿನಿಂದಲೇ ಕಿಟಕಿ ತೆರೆದಿಡಿ. ಮನೆ ತುಂಬ ಊದುಬತ್ತಿ ಹೊಗೆ ಬೇಡ, ಏನನ್ನೋ ಮುಚ್ಚುತ್ತಿದ್ದಾರೆಂಬ ಅನುಮಾನ ಬರುತ್ತದೆ.

ಹಳೆಯ ಕೆಂಪು ರೆಡ್ ಆಕ್ಸೈಡ್ ನೆಲವಿದ್ದರೆ ಅದೇ ನಿಮ್ಮ ಮನೆಗೆ ಒಡವೆ. ಆಸಿಡ್ ಮಾತ್ರ ತಾಗಿಸಬೇಡಿ, ಹೊಳಪು ಸತ್ತುಹೋಗುತ್ತದೆ. ಸಾಬೂನು ನೀರಿನಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಬಟ್ಟೆಗೆ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಜಿಡ್ಡು ಉಳಿಯದಂತೆ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಬಂದವರು ಜಾರಿಬಿದ್ದಾರು! ತೊಟ್ಟಿಕ್ಕುವ ನಲ್ಲಿಗೆ ವಾಷರ್, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ, ಮಂಕು ಬಲ್ಬಿಗೆ ಬದಲು ಹೊಸದು. ಇವಕ್ಕೆಲ್ಲ ಖರ್ಚು ಅಲ್ಪ, ಗುಣ ಬಹಳ.

ಇನ್ನು ನಡುಮನೆಯ ಗೋಡೆ. ತೇವ ಏರಿ ಸುಣ್ಣ ಉದುರುತ್ತಿತ್ತು. "ಮೇಲೆ ಒಂದು ಕೋಟ್ ಪೇಂಟ್ ಹೊಡೆಸಿಬಿಡೋಣ ಅಮ್ಮ, ಯಾರಿಗೆ ಗೊತ್ತಾಗುತ್ತೆ?" ಎಂದ ಮಗ. ಚಿಕ್ಕಮ್ಮ ಒಪ್ಪಲಿಲ್ಲ. "ಮುಂದಿನ ಮಳೆಗೆ ಗೊತ್ತಾಗುತ್ತಲ್ಲಪ್ಪ. ಆ ಹೆಣ್ಣುಮಗಳು ನನಗೆ ಹಿಡಿಶಾಪ ಹಾಕ್ಬೇಕೇ?" ಅಂದರು. ತಾರಸಿ ಹತ್ತಿಸಿ ನೋಡಿದರೆ ಮಳೆನೀರು ಹೋಗುವ ಕೊಳವೆ ಎಲೆ ತುಂಬಿ ಕಟ್ಟಿಕೊಂಡಿತ್ತು. ಅದನ್ನು ಬಿಡಿಸಿ, ಬಿರುಕು ಮುಚ್ಚಿಸಿ, ಗೋಡೆ ಪೂರ್ತಿ ಆರಲು ಬಿಟ್ಟು, ಆಮೇಲೆ ಬಣ್ಣ ಹೊಡೆಸಿದೆವು. ಹಸಿ ಗೋಡೆಗೆ ಬಳಿದ ಬಣ್ಣ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಅಕ್ಟೋಬರಿನಲ್ಲೂ ಮಳೆ ಜೋರು, ಆದ್ದರಿಂದ ಈ ಕೆಲಸಕ್ಕೆ ಅದು ಕಳೆಯಲಿ.

ಮೂರನೆಯವರಾಗಿ ಬಂದದ್ದು ಇಂದಿರಾನಗರದಲ್ಲಿ ಬಾಡಿಗೆಗಿದ್ದ ದಂಪತಿ. "ಹೋದ ಮಳೆಗಾಲದಲ್ಲಿ ಈ ಗೋಡೆಗೆ ತೇವ ಬಂದಿತ್ತಮ್ಮ, ರಿಪೇರಿ ಮಾಡಿಸಿದ್ದೀವಿ" ಎಂದು ಚಿಕ್ಕಮ್ಮ ತಾವಾಗಿಯೇ ತೋರಿಸಿದರು. ಆಕೆ ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, ಕಾವೇರಿ ನೀರು ಯಾವ ದಿನ ಬರುತ್ತೆ, ಸಂಪು ಎಷ್ಟು ದೊಡ್ಡದು ಎಂದೆಲ್ಲ ಕೇಳತೊಡಗಿದರು. 2011ರಲ್ಲಿ ಶುರುವಾದ ಹಲಸೂರು ಮೆಟ್ರೋ ನಿಲ್ದಾಣಕ್ಕೆ ನಡೆದೇ ಹೋಗಬಹುದೆಂದು ನಾನೂ ಒಂದು ಮಾತು ಸೇರಿಸಿದೆ.

ಆದರೆ ಮನೆ ಒಪ್ಪಿಗೆಯಾದರೂ ಕಾಗದ ಒಪ್ಪಿಗೆಯಾಗಬೇಕಲ್ಲ! ಖಾತೆ ಇನ್ನೂ ಚಿಕ್ಕಪ್ಪನ ಹೆಸರಿನಲ್ಲೇ ಇತ್ತು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಮನೆ ನೋಂದಣಿಗೆ ಇ-ಖಾತೆ ಬೇಕೇಬೇಕು. ಮರಣ ಪತ್ರ, ವಂಶವೃಕ್ಷ, ತೆರಿಗೆ ರಸೀದಿ, ಋಣಭಾರ ಪತ್ರ ಎಂದು ಓಡಾಡುವಷ್ಟರಲ್ಲಿ ಸಾಕುಬೇಕಾಯಿತು. ನೀವು ಬಣ್ಣ ಬಳಿಸುವ ಮೊದಲೇ ಇವನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಡಿ. ಹಳೆಯ ಕ್ರಯಪತ್ರ ಎಷ್ಟೇ ಜೀರ್ಣವಾಗಿರಲಿ, ಎಸೆಯಬೇಡಿ. 1949ರಲ್ಲಿ ಬೆಂಗಳೂರಿನ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಅದಕ್ಕೂ ಹಿಂದಿನ ಪತ್ರಗಳಲ್ಲಿ ವಿಳಾಸವೇ ಬೇರೆ, 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂದಿರುವುದುಂಟು. ಕೊಳ್ಳುವವರ ವಕೀಲರು ಅಲ್ಲಿಂದ ಇಲ್ಲಿಯವರೆಗೆ ಕೊಂಡಿ ಕೇಳುತ್ತಾರೆ.

ಮುಂಗಡವನ್ನು ಚೆಕ್ಕಿನಲ್ಲಿ ಅಥವಾ ಬ್ಯಾಂಕಿನ ಮೂಲಕವೇ ಪಡೆಯಿರಿ. 2015ರಿಂದ ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ದಂಡ ಬೀಳುತ್ತದೆ.

ಈಗ ಮುಖ್ಯ ಮಾತು. ಮಗ, "ಅಕ್ಕಂಗೆ ಸೈನ್ ಹಾಕೋಕೆ ಬಾ ಅಂತೀನಿ" ಎಂದ. ಚಿಕ್ಕಮ್ಮ ಅಡುಗೆಮನೆಯಿಂದಲೇ, "ಸೈನ್ ಹಾಕೋಕಲ್ಲ, ಪಾಲು ಮಾತಾಡೋಕೆ ಬಾ ಅನ್ನು" ಎಂದರು. ಸರಿಯಾದ ಮಾತು! ಚಿಕ್ಕಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಮನೆ, ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಂಥ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳಿಗೆ ಸಮಪಾಲು. ಮಗಳಿಗೆ ಮದುವೆಯಾಗಿದ್ದರೂ ಅಷ್ಟೇ. ಹೋದವರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು.

ನಿಮ್ಮಲ್ಲಿ ಎಷ್ಟೋ ಜನರಿಗೆ ಒಂದು ದಿನ ತವರಿನಿಂದ 'ಸೈನ್ ಹಾಕೋಕೆ ಬಾ' ಎಂಬ ಕರೆ ಬಂದೀತು. ಖಂಡಿತ ಹೋಗಿ. ಆದರೆ ಪತ್ರವನ್ನು ಪೂರ್ತಿ ಓದಿ, ತಿಳಿಯದಿದ್ದರೆ ಓದಿಸಿ ಕೇಳಿ, ಆಮೇಲೆ ಪೆನ್ನು ಹಿಡಿಯಿರಿ. ಪಾಲು ಬಿಟ್ಟುಕೊಡುವುದೇ ನಿಮ್ಮ ಇಷ್ಟವಾದರೆ ಬಿಡಿ, ಗೊತ್ತಿಲ್ಲದೆ ಬಿಡಬೇಡಿ.

ಬೀಗದ ಕೈ ಕೊಡುವ ದಿನ ಚಿಕ್ಕಮ್ಮ ಬೆಳಿಗ್ಗೆಯೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರು. ಹೊಸಬರನ್ನು ಹಿತ್ತಲಿಗೆ ಕರೆದೊಯ್ದು, "ಈ ಕರಿಬೇವಿನ ಗಿಡಕ್ಕೆ ಆಗಾಗ ಹುಳಿ ಮಜ್ಜಿಗೆ ಹಾಕ್ತಾ ಇರಮ್ಮ" ಎಂದರು. ಆಟೋ ಹತ್ತುವವರೆಗೂ ಕಣ್ಣೊರೆಸಿಕೊಳ್ಳಲಿಲ್ಲ.