ಸಹಿ ಒಂದೇ, ತೂಕ ಬೇರೆ

'ಒಪ್ಪಂದ ಓದಿಯೇ ಸಹಿ ಹಾಕಿದ್ದಾರೆ, ಒಗ್ಗದಿದ್ದರೆ ಬಿಟ್ಟುಹೋಗಲಿ, ಅನ್ಯಾಯವಾದರೆ ಕೋರ್ಟಿದೆ': ಫ್ರಾಂಚೈಸಿ ಅಂಗಡಿಯವರ ಅಳಲಿಗೆ ಪ್ರಕಟಿತ ಲೇಖನವೊಂದು ಕೊಟ್ಟ ಉತ್ತರವಿದು. ಓದಿದ್ದು ನಿಜವೇ ಇರಬಹುದು, ಓದಲು ಸಿಕ್ಕಿದ್ದೇನು? ಫ್ರಾಂಚೈಸಿ ಮಾರುವ ಮುನ್ನ ಕಂಪನಿ ತನ್ನ ಮಾಹಿತಿಯನ್ನು ಬರಹದಲ್ಲಿ ಕೊಡಬೇಕೆಂಬ ನಿಯಮ ಅಮೆರಿಕದಲ್ಲಿ 1979ರಿಂದಲೇ ಇದೆ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆಯೇ ಮುಖ್ಯ ಆಸರೆ. ಇನ್ನು ಬಿಟ್ಟುಹೋಗುವ ಮಾತು. ಸುಬ್ರಹ್ಮಣ್ಯಪುರದಲ್ಲಿ ಐಸ್‌ಕ್ರೀಮ್ ಫ್ರಾಂಚೈಸಿ ತೆರೆಯುವವರ ಲೆಕ್ಕ ನೋಡಿ: ಬೋರ್ಡಿನ ಬಣ್ಣ, ನೆಲದ ಟೈಲ್ಸ್, ಡೀಪ್ ಫ್ರೀಜರ್ ಎಲ್ಲವೂ ಕಂಪನಿ ಹೇಳಿದಂತೆ, ಬಾಡಿಗೆ, ಅಡ್ವಾನ್ಸ್, ಸಾಲದ ಕಂತು ಮಾತ್ರ ಅಂಗಡಿಯವರ ತಲೆಗೆ. ಬೋರ್ಡನ್ನೇನೋ ಇಳಿಸಬಹುದು, ಟೈಲ್ಸ್ ಕಿತ್ತು ಒಯ್ಯಲಾದೀತೇ?

ಕೋರ್ಟಿನ ಕಥೆಯೂ ಗೊತ್ತಿದ್ದದ್ದೇ. ಉತ್ತರ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಮತ್ತು ಅದರ ಪಾಲುದಾರ ವಿಕ್ರಮ್ ಬಕ್ಷಿ ನಡುವೆ 2013ರಲ್ಲಿ ಹೊತ್ತಿದ ಜಗಳ ರಾಜಿಯಾದದ್ದು 2019ರಲ್ಲಿ. ನೂರಕ್ಕೂ ಹೆಚ್ಚು ಮಳಿಗೆಗಳಿದ್ದವರಿಗೇ ಆರು ವರ್ಷ. ಒಂದೇ ಶಟರ್ ಇರುವವರು ಆರು ತಿಂಗಳು ತಾಳಿದರೆ ಹೆಚ್ಚು. ಕಂಪನಿಯೇ ಬಿಟ್ಟುಹೋದರೂ ಪಾಡು ಬೇರೆಯಲ್ಲ: 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಡೀಲರುಗಳ ಶೋರೂಮ್ ಹೂಡಿಕೆಯೂ ಆ ಟೈಲ್ಸಿನಂತೆಯೇ ನಡುನೀರಿನಲ್ಲಿ ನಿಂತಿತು. ಬ್ರ್ಯಾಂಡಿಗೆ ರಕ್ಷಣೆ ಬೇಡವೇ ಎಂದರೆ, ಖಂಡಿತ ಬೇಕು. ಒಪ್ಪಂದದ ಅವಧಿಯಲ್ಲಿ ಪ್ರತಿಸ್ಪರ್ಧಿಯ ಸರಕು ಮುಟ್ಟಬಾರದೆಂಬ ಷರತ್ತನ್ನು ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಎತ್ತಿಹಿಡಿದಿದೆ. ಆದರೆ ಅಂಗಡಿಯವರು ಬೇರೆ ಸರಕು ಮಾರಬಾರದು, ಕಂಪನಿ ಮಾತ್ರ ಪಕ್ಕದ ಬೀದಿಯಲ್ಲೇ ಇನ್ನೊಂದು ಮಳಿಗೆ ತೆರೆಯಬಹುದು ಎಂಬ ಒಪ್ಪಂದ ಬ್ರ್ಯಾಂಡನ್ನು ಯಾರಿಂದ ಕಾಯುತ್ತದೆ? ಲೇಖನ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.