ಹೃದಯಾಘಾತ: ತಾಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಟ್ಟರೆ ಜೀವ ಉಳಿಯುತ್ತದೆಯೇ? ತಮಿಳುನಾಡಿನ ಅಧ್ಯಯನ ಹೇಳುವುದೇನು?

ಮಧ್ಯರಾತ್ರಿ ಎದೆನೋವೆಂದು ತಾಲೂಕು ಆಸ್ಪತ್ರೆಗೆ ಬಂದ ರೋಗಿ. ಇಸಿಜಿಯಲ್ಲಿ ಹೃದಯಾಘಾತ ಖಚಿತ. ಆಂಜಿಯೋಪ್ಲಾಸ್ಟಿ ಸೌಲಭ್ಯ ಇರುವ ಆಸ್ಪತ್ರೆಗೆ ಮೂರು ಗಂಟೆಯ ದಾರಿ. ಡ್ಯೂಟಿಯಲ್ಲಿರುವ ವೈದ್ಯರು ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡಬೇಕೇ ಅಥವಾ 'ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ' ಎಂದು ಕಳುಹಿಸಬೇಕೇ?

ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ ಮೊದಲು ಇಂಜೆಕ್ಷನ್, ನಂತರ ಆಂಜಿಯೋಗ್ರಾಮ್ ಎನ್ನುತ್ತವೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು. ಆದರೆ ನಮ್ಮ ರಸ್ತೆ, ನಮ್ಮ ಆಸ್ಪತ್ರೆಗಳ ನಡುವೆ ಇದು ನಡೆಯುತ್ತದೆಯೇ?

ತಮಿಳುನಾಡಿನ ಪ್ರಯೋಗ

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನ ಡಾ. ಅಜಿತ್ ಮುಳ್ಳಸಾರಿ ಹಾಗೂ ಕೊಯಮತ್ತೂರಿನ ಡಾ. ಥಾಮಸ್ ಅಲೆಕ್ಸಾಂಡರ್ ಪ್ರಮುಖರು. 2012ರಿಂದ 2014ರವರೆಗೆ ಸಣ್ಣ ಆಸ್ಪತ್ರೆಗಳನ್ನು ನಾಲ್ಕು ದೊಡ್ಡ ಆಸ್ಪತ್ರೆಗಳೊಂದಿಗೆ ಜೋಡಿಸಿ, 2,420 ರೋಗಿಗಳ ಅಧ್ಯಯನ ನಡೆಸಲಾಯಿತು. ಫಲಿತಾಂಶ 2017ರಲ್ಲಿ 'ಜಾಮಾ ಕಾರ್ಡಿಯಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೊಸ ವ್ಯವಸ್ಥೆಗೆ ಮುನ್ನ ಆಂಜಿಯೋಗ್ರಾಮ್ ಆಗುತ್ತಿದ್ದವರು ಶೇ 35. ನಂತರ ಶೇ 60.8. ಒಂದು ವರ್ಷದೊಳಗಿನ ಸಾವಿನ ಪ್ರಮಾಣ ಶೇ 17.6ರಿಂದ 14.2ಕ್ಕೆ ಇಳಿಯಿತು. ಅಂದರೆ ನೂರು ರೋಗಿಗಳಲ್ಲಿ ಸುಮಾರು ಮೂರು ಸಾವು ಕಡಿಮೆ.

ಇಲ್ಲೊಂದು ಎಚ್ಚರಿಕೆಯೂ ಇದೆ. ಆಸ್ಪತ್ರೆಯಲ್ಲಿದ್ದಾಗಲೇ ಸಂಭವಿಸಿದ ಸಾವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲಾಭ ತಿಳಿದದ್ದು ವರ್ಷದ ಲೆಕ್ಕ ಹಾಕಿದಾಗ. ಜೊತೆಗೆ ಇದು 'ಮೊದಲು-ನಂತರ' ಹೋಲಿಕೆಯಾದ್ದರಿಂದ ಇಡೀ ಶ್ರೇಯಸ್ಸನ್ನು ಹೊಸ ವ್ಯವಸ್ಥೆಗೇ ಕೊಡುವಂತಿಲ್ಲ.

ಕರ್ನಾಟಕದಲ್ಲಿ ಏನಾಗುತ್ತಿದೆ?

ಇದೇ ಮಾದರಿಯ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ರಾಜ್ಯದಲ್ಲಿ 2023ರಲ್ಲಿ ಆರಂಭವಾಯಿತು. ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. 2025ರಲ್ಲಿ ಹಾಸನದ ಸರಣಿ ಹೃದಯಾಘಾತಗಳು ಸುದ್ದಿಯಾದ ಬಳಿಕ ಇದರ ಮಹತ್ವ ಹೆಚ್ಚಿದೆ.

ಈ ಇಂಜೆಕ್ಷನ್ ಎಲ್ಲರಿಗೂ ಅಲ್ಲ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆದವರಿಗೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಇದು ಅಪಾಯಕಾರಿ. ಒಬ್ಬಂಟಿ ವೈದ್ಯರು ಹಿಂಜರಿಯುವುದು ಅದಕ್ಕೇ. ಫೋನಿನ ಆ ಬದಿಯಲ್ಲಿ ತಜ್ಞರು, ಕೈಯಲ್ಲಿ ಪರಿಶೀಲನಾ ಪಟ್ಟಿ ಇದ್ದರೆ ನಿರ್ಧಾರ ಧೈರ್ಯದ ಮೇಲಲ್ಲ, ಪುರಾವೆಯ ಮೇಲೆ ನಿಲ್ಲುತ್ತದೆ.

ಹಾಗಾಗಿ ಸರ್ಕಾರವನ್ನು ಕೇಳಬೇಕಾದ್ದು 'ಎಷ್ಟು ಇಂಜೆಕ್ಷನ್ ಕೊಟ್ಟಿರಿ' ಎಂದಷ್ಟೇ ಅಲ್ಲ. ಇಂಜೆಕ್ಷನ್ ಪಡೆದವರಲ್ಲಿ ಎಷ್ಟು ಮಂದಿಗೆ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಆಯಿತು? ವರ್ಷದ ನಂತರ ಎಷ್ಟು ಮಂದಿ ಬದುಕಿದ್ದಾರೆ? ತಮಿಳುನಾಡಿನಲ್ಲಿ ವ್ಯತ್ಯಾಸ ಕಂಡಿದ್ದು ಈ ಲೆಕ್ಕ ಇಟ್ಟಿದ್ದರಿಂದ.

ಓದುಗರ ಪಾಲಿನ ಕೆಲಸವೂ ಇದೆ. ಎದೆನೋವು ಬಂದಾಗ 'ಗ್ಯಾಸ್ಟ್ರಿಕ್ ಇರಬೇಕು' ಎಂದು ಬೆಳಗಿನವರೆಗೆ ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ತಡವಾದಷ್ಟೂ ಇಂಜೆಕ್ಷನ್‌ನ ಪ್ರಯೋಜನ ಕಡಿಮೆಯಾಗುತ್ತದೆ.